ದೊಡ್ಡಮ್ಮ ಬರೆದ ಇರುವೆ

ನಮ್ಮ ದೊಡ್ಡಮ್ಮ ಶಿಶುವಿಹಾರದಲ್ಲಿ ಆಯಾ. ಓದಲು ಬಾರದ ಮಕ್ಕಳಿಗೆ ತಾವು ಚೀಲ ಇಡುವ ಗೂಡಿನ ಗುರುತು ಸಿಗಲೆಂದು ಪ್ರತಿ ಗೂಡಿನ ಮೇಲೂ ಅವಳು ಒಂದೊಂದು ಪ್ರಾಣಿಯ ಚಿತ್ರ ಬರೆಯುತ್ತಾಳೆ. ಆದರೆ ಮೊದಲ ವಾರ ಕುಂಚ ಮುಟ್ಟುವುದಿಲ್ಲ. ನೆಲ ಒರೆಸುತ್ತ, ಮೂಗು ಒರೆಸುತ್ತ, ಒಂದೊಂದು ಮಗುವಿನ ಮೇಲೂ ಕಣ್ಣಿಟ್ಟಿರುತ್ತಾಳೆ. "ಎಲ್ರೊಳಗೂ ಒಂದು ಪ್ರಾಣಿ ಕೂತಿರುತ್ತೆ. ನಾವು ಸುಮ್ನಿದ್ರೆ ಅದಾಗೇ ಹೊರಗೆ ಬರುತ್ತೆ" ಎನ್ನುವುದು ಅವಳ ನಂಬಿಕೆ. ಟೀಚರುಗಳು ವರ್ಷವಿಡೀ ಪಾಠ ಹೇಳಿಯೂ ಕಾಣದ್ದು ಇವಳಿಗೆ ಐದೇ ದಿನದಲ್ಲಿ ಕಾಣುತ್ತದೆ.

ಮೊನ್ನೆ ನಾನು ಅಲ್ಲಿದ್ದಾಗಲೇ ಒಬ್ಬ ಅಪ್ಪ ಮುಖ ಕೆಂಪಗೆ ಮಾಡಿಕೊಂಡು ಬಂದ.

"ನನ್ನ ಮಗಳಿಗೆ ಇರುವೆನಾ? ಅಳಿಸಿ ಹುಲಿ ಬರೀರಿ!"

ನಾನಾಗಿದ್ದರೆ ಕುಂಚವನ್ನು ಅವನ ಕೈಗೇ ತುರುಕಿ ಹೋಗುತ್ತಿದ್ದೆ. ದೊಡ್ಡಮ್ಮ ನಕ್ಕಳು.

"ಉಯ್ಯಾಲೆ ಖಾಲಿ ಇದ್ರೆ ನಿಮ್ಮ ಮಗಳು ತಾನು ಹತ್ತಲ್ಲ ಸಾರ್. ಓಡಿಹೋಗಿ ಮಿಕ್ಕವರನ್ನೆಲ್ಲ ಕರ್ಕೊಂಡು ಬರ್ತಾಳೆ. ಏನಾದ್ರೂ ಸಿಕ್ಕಿದ್ರೆ ಹಾಗೆ ಬಳಗ ಕರೆಯೋದು ಇರುವೆ. ಹುಲಿ ಕರೆಯುತ್ತಾ, ಹೇಳಿ?"

ಅವನು ಹೊರಡುವಾಗ ಬಗ್ಗಿ, ಮಗಳ ಚೀಲವನ್ನು ತಾನೇ ಆ ಇರುವೆಯ ಗೂಡಿನಲ್ಲಿಟ್ಟ.

ಸಾಲಿನ ಕೊನೆಯ ಗೂಡು ದೊಡ್ಡಮ್ಮನದು. ಇಪ್ಪತ್ತಾರು ವರ್ಷದಿಂದ ಅದರ ಮೇಲೆ ಏನೂ ಇಲ್ಲ.

"ನಿನ್ನದೂ ಒಂದು ಬರ್ಕೋಬಾರ್ದಾ ದೊಡ್ಡಮ್ಮ?" ಎಂದೆ.

ಅವಳು ಕುಂಚ ತೊಳೆಯುತ್ತ ಅಂದಳು: "ಅವರವರದು ಅವರೇ ಬರ್ಕೊಂಡ್ರೆ ಎಲ್ರೂ ಹುಲಿನೇ ಕಣೆ."