ಜಯಮ್ಮನ ಹೆಸರು ಕಟ್ಟಿದ ಹಲಗೆ

ಜಯಾ, ಆ ಕೆಟ್ಟ ಹಲಗೆ ನಿನ್ನದಲ್ಲ, ನನ್ನದು. ಅದರ ಮೂಲೆಗೆ ನಿನ್ನ ಹೆಸರಿನ ಚೀಟಿ ಕಟ್ಟಿದವಳು ನಾನು. ಹನ್ನೆರಡು ವರ್ಷದಿಂದ ಈ ಎರಡು ಮಾತು ಬಾಯಿತನಕ ಬಂದು ಬಂದು ವಾಪಸು ಹೋಗಿವೆ. ಇವತ್ತು ಕಾಗದದ ಮೇಲಾದರೂ ಇಳಿದವು.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ, ಯಾಕೆಂದರೆ ಇದನ್ನು ನಿನ್ನ ಮಗಳು ಚೈತ್ರಳೂ ಕೇಳಬೇಕು. ತೊಂಬತ್ತರ ದಶಕದ ನಡುವಿನಲ್ಲಿ ತುಮಕೂರಿನ ಉಪ್ಪಾರಹಳ್ಳಿಯಲ್ಲಿ, ಒಂದು ಬಾಡಿಗೆ ಮನೆಯ ಮಹಡಿಯ ಮೇಲೆ ಇನ್ನೂ ನಾಲ್ಕಾರು ಜನರ ಜೊತೆ ನಾವಿಬ್ಬರೂ ಕೆಲಸಕ್ಕಿದ್ದೆವು. ನಾನು ಗುಬ್ಬಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ನೀನು ನಾಲ್ಕು ವರ್ಷದ ಚೈತ್ರಳನ್ನು ಅತ್ತೆಯ ಹತ್ತಿರ ಬಿಟ್ಟು ಕುಣಿಗಲ್‌ನಿಂದ ಬರುತ್ತಿದ್ದೆ. ಯೂರೋಪಿನಲ್ಲಿ ನಡೆಯಲಿದ್ದ ಒಂದು ಪ್ರಯೋಗಕ್ಕೆ ನಾವು ಹಲಗೆಗಳನ್ನು ಕಟ್ಟುತ್ತಿದ್ದೆವು. ಸೀಸದ ಪರಮಾಣುವಿನ ಒಳತಿರುಳುಗಳನ್ನು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಡಿಕ್ಕಿ ಹೊಡೆಸಿದರೆ, ವಿಶ್ವ ಹುಟ್ಟಿದ ಹೊಸತರಲ್ಲಿ ಇದ್ದ ವಸ್ತು ಅಲ್ಲಿ ಮತ್ತೆ ಹುಟ್ಟಿ, ರೆಪ್ಪೆ ಅಲುಗುವುದಕ್ಕೆ ಎಷ್ಟೋ ಮೊದಲೇ ಇಲ್ಲವಾಗುತ್ತದಂತೆ. ಅದರಿಂದ ಸಿಡಿದು ಬರುವ ಕಣಗಳನ್ನು ಎಣಿಸುವುದು ನಮ್ಮ ಹಲಗೆಗಳ ಕೆಲಸವಾಗಿತ್ತು.

"ಈಗ ಎಲ್ಲಾ ವಸ್ತುನೂ ಗಂಟು ಗಂಟಾಗಿದೆ. ಆಗ ಗಂಟೇ ಇರ್ಲಿಲ್ಲ, ಎಲ್ಲಾ ಬಿಡಿಬಿಡಿಯಾಗಿ ಕುದೀತಿತ್ತು" ಎಂದು ನಮ್ಮ ಸಾರ್ ವಿವರಿಸಿದಾಗ ನಾನು ಎಲ್ಲ ತಿಳಿದವಳಂತೆ ತಲೆಯಾಡಿಸಿದೆ. ನೀನು ಕೇಳಿಯೇಬಿಟ್ಟೆ: "ಅಂದ್ರೆ ಮುದ್ದೆ ಆಗೋಕೆ ಮುಂಚೆ ಅಂಬ್ಲಿ ಇದ್ದಂಗೆ, ಅಲ್ವಾ ಸಾ?" ಸಾರ್ ಜೋರಾಗಿ ನಕ್ಕು, "ಅಷ್ಟೇ ಕಣಮ್ಮ" ಅಂದರು. ಎಸ್ಸೆಸ್ಸೆಲ್ಸಿ ಓದಿದ ನಿನಗೆ ಹೊಳೆದದ್ದು ಬಿಎಸ್ಸಿ ಮಾಡಿದ ನನಗೆ ಹೊಳೆದಿರಲಿಲ್ಲ. ಆವತ್ತು ನನಗೆ ಹೊಟ್ಟೆ ಉರಿದಿತ್ತು — ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಒಂದೊಂದು ಹಲಗೆಯಲ್ಲೂ ಜೇನುಗೂಡಿನಂಥ ಕೋಶಗಳು. ಪ್ರತಿ ಕೋಶದ ನಡುವೆ ಕೂದಲಿಗಿಂತ ತೆಳುವಾದ ತಂತಿಯನ್ನು ಎಳೆದು ಬೆಸುಗೆ ಹಾಕಬೇಕು. ಕೈಯ ಜಿಡ್ಡು ಒಂದು ಚೂರು ತಗಲಿದರೂ ವಿದ್ಯುತ್ತು ಸೋರುತ್ತದೆ, ಎಣಿಕೆ ಕೆಡುತ್ತದೆ. ಅದಕ್ಕೇ ಎಣ್ಣೆ ಹಚ್ಚಿದ ತಲೆ ಆ ಕೋಣೆಯೊಳಗೆ ಬರಬಾರದು ಎಂಬುದು ಮೊದಲ ನಿಯಮ. ತೆಂಗಿನ ಸೀಮೆಯ ಹೆಂಗಸರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೇ? ನೀನು ವಾರವಿಡೀ ಒಣತಲೆಯಲ್ಲೇ ಇರುತ್ತಿದ್ದೆ. "ಏನೇ ಜಯಾ, ತಲೇಲಿ ಗುಬ್ಬಚ್ಚಿ ಸಾಕಿದ್ದೀಯಾ?" ಎಂದು ನಾನು ಆಡಿಕೊಳ್ಳುತ್ತಿದ್ದೆ. ನೀನು ನಗುತ್ತಾ ಟೋಪಿಯನ್ನು ಇನ್ನಷ್ಟು ಕೆಳಕ್ಕೆ ಎಳೆದುಕೊಳ್ಳುತ್ತಿದ್ದೆ.

ಆ ಬುಧವಾರ ನನಗೆ ತಲೆನೋವು. ಅಮ್ಮ ಬೆಳಿಗ್ಗೆ ನೆತ್ತಿಗೆ ಎಣ್ಣೆ ತಟ್ಟಿದರು, ನಾನು ಬೇಡವೆನ್ನಲಿಲ್ಲ. ಮಧ್ಯಾಹ್ನ ತಂತಿ ಜಾರುತ್ತಿದೆ ಎಂದು ಗ್ಲೌಸು ಕಳಚಿದೆ. ಹಣೆಯ ಮೇಲೆ ಬಂದ ಕೂದಲನ್ನು ಟೋಪಿಯೊಳಗೆ ತಳ್ಳಿದೆ, ಅದೇ ಬೆರಳಿನಲ್ಲಿ ತಂತಿ ಹಿಡಿದೆ. ಒಂದಲ್ಲ, ಮೂರು ಸಾಲು. ಆಮೇಲೆ ನೋಡಿದೆ, ತಂತಿ ಮಿರುಗುತ್ತಿತ್ತು. ಬಟ್ಟೆಯಲ್ಲಿ ಒರೆಸಿ ಸುಮ್ಮನಾದೆ. ಬಿಚ್ಚಿ ಮತ್ತೆ ಕಟ್ಟಬಹುದಿತ್ತು, ಎರಡು ದಿನದ ಕೆಲಸ ಅಷ್ಟೇ. ಆದರೆ ಸಾರ್‌ಗೆ ಹೇಳಬೇಕಾಗುತ್ತಿತ್ತು. ಆ ತಿಂಗಳ ಕೊನೆಗೆ ನಮ್ಮಿಬ್ಬರಲ್ಲಿ ಒಬ್ಬರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ ಎಂದು ನಮಗಿಬ್ಬರಿಗೂ ತಿಳಿದಿತ್ತು.

ಶುಕ್ರವಾರ ಮಗುವಿಗೆ ಜ್ವರವೆಂದು ನೀನು ಬೇಗ ಹೊರಟೆ. ಉಳಿದವರೂ ಹೋದ ಮೇಲೆ ನಾನು ಒಬ್ಬಳೇ ನನ್ನ ಹಲಗೆಯನ್ನು ಮೀಟರಿಗೆ ಹಾಕಿ ನೋಡಿದೆ. ಮುಳ್ಳು ಸೊನ್ನೆಯಲ್ಲಿ ನಿಲ್ಲಲೇ ಇಲ್ಲ. ನಿನ್ನ ಹಲಗೆಯನ್ನು ಹಾಕಿದೆ — ಮುಳ್ಳು ಅಲುಗಲಿಲ್ಲ. ಕಟ್ಟಿದವರ ಹೆಸರಿನ ಚೀಟಿಯನ್ನು ಹಲಗೆಯ ಮೂಲೆಗೆ ದಾರದಲ್ಲಿ ಕಟ್ಟುವುದು ನಮ್ಮಲ್ಲಿನ ಪದ್ಧತಿ. ಎರಡು ಗಂಟು ಬಿಚ್ಚಿದೆ, ಎರಡು ಗಂಟು ಹಾಕಿದೆ. ಎಷ್ಟು ಹೊತ್ತು ಹಿಡಿಯಿತು ಅಂತೀಯಾ... ಒಂದು ಲೋಟ ಕಾಫಿ ಕುಡಿಯುವಷ್ಟೂ ಇಲ್ಲ.

ಸೋಮವಾರ ಸಾರ್ ಬಂದು, "ಯಾರೋ ಬರೀ ಕೈಲಿ ಮುಟ್ಟಿದ್ದಾರೆ" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಟೋಪಿ ಮುಟ್ಟಿ ನೋಡಿಕೊಂಡೆ. ಯಾರೂ ನನ್ನತ್ತ ನೋಡಲಿಲ್ಲ. ಎಲ್ಲರೂ ಚೀಟಿ ನೋಡುತ್ತಿದ್ದರು.

ನೀನು ಜಗಳ ಮಾಡುತ್ತೀಯೆಂದು ಕಾದಿದ್ದೆ. ಮಾಡಿದ್ದರೆ ನಾನೂ ಜಗಳವಾಡಿ, ನಿನ್ನ ಮೇಲೆ ಸಿಟ್ಟು ಮಾಡಿಕೊಂಡು, ಹೇಗೋ ಬದುಕಿಬಿಡುತ್ತಿದ್ದೆ. ನೀನು ಹಲಗೆಯನ್ನು ತಿರುಗಿಸಿ ತಿರುಗಿಸಿ ನೋಡಿದೆ. "ಗ್ಲೌಸ್ ಬಿಚ್ಚಿದ ಗ್ಯಾಪ್ಕ ಇಲ್ಲ ಸಾ... ಚೀಟಿ ನಂದೇ. ಮಗೀನ ಯೋಚ್ನೇಲಿ ಕೈ ನಡುಗಿ, ಗೊತ್ತಿಲ್ದಂಗೆ ಬಿಚ್ಚಿರ್ಬೇಕು" ಅಂದೆ. ನಿನ್ನ ಕಣ್ಣಿಗಿಂತ ಆ ಚೀಟಿಯನ್ನೇ ಹೆಚ್ಚು ನಂಬಿದೆಯಲ್ಲ, ಜಯಾ! ಸಂಜೆ ಶಿರಾ ಗೇಟಿನಲ್ಲಿ ಚೈತ್ರಳಿಗೆ ಔಷಧಿ ಕೊಳ್ಳಲು ನನ್ನನ್ನೂ ಕರೆದುಕೊಂಡು ಹೋದೆ. ಅಲ್ಲಿ ಹೇಳಬಹುದಿತ್ತು. ಅದೊಂದೇ ಅಲ್ಲ, ಆಮೇಲೆ ಪ್ರತಿ ದಿನವೂ ಹೇಳಬಹುದಿತ್ತು.

ತಿಂಗಳ ಕೊನೆಗೆ ನಿನ್ನನ್ನು ಕಳಿಸಿದರು. ನಾನು ಉಳಿದೆ, ಖಾಯಂ ಆದೆ. ನೀನು ಕಟ್ಟಿದ ಹಲಗೆ ನನ್ನ ಹೆಸರು ಹೊತ್ತು ಸಮುದ್ರ ದಾಟಿತು. ಆ ಮೊದಲಿನ ವಸ್ತು ಹಬೆಯಂತಿರಬಹುದು ಎಂದುಕೊಂಡವರಿಗೆ ಅದು ನೀರಿನಂತೆ ಹರಿಯುವುದು ಕಂಡಿದೆ ಎಂದು ವರ್ಷಗಳ ಮೇಲೆ ಪೇಪರಿನಲ್ಲಿ ಓದಿದಾಗ, ನಿನ್ನ ಅಂಬಲಿ ನೆನಪಾಗಿ ಅಲ್ಲೇ ಅತ್ತೆ. ಅತ್ತು, ಪೇಪರು ಮಡಚಿಟ್ಟು, ಆಫೀಸಿಗೆ ಹೋದೆ. ನಾನು ಅಂಥವಳು.

ಕಳೆದ ವಾರ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ ನೀನೇ ಮನೆಗೆ ಎಳೆದುಕೊಂಡು ಹೋದೆ. ಹರಿದ ದಿಂಬು ಹೊಲಿಯಲು ಕೂತವಳು ಸೂಜಿಯನ್ನು ಮಗಳ ಕೈಗೆ ಕೊಟ್ಟು, ದಾರ ಪೋಣಿಸು ಅಂದೆ. ಕಣ್ಣು ಮಂಜಾಯಿತೇ ಎಂದು ನಾನು ಕೇಳಿದೆ. "ಕಣ್ಣು ಚೆನ್ನಾಗೈತೆ ಕಣೇ, ಕೈನೇ ನಂಬಕ್ಕಾಗಲ್ಲ. ಆವತ್ತಿಂದ ನಾಜೂಕಿನ ಕೆಲ್ಸ ಮುಟ್ಟಿಲ್ಲ ಬುಡು" ಅಂದೆ. ಕೆಲಸ ಕಿತ್ತುಕೊಂಡೆ ಎಂದಷ್ಟೇ ನಾನು ತಿಳಿದಿದ್ದೆ. ನಿನ್ನ ಕೈಗಳನ್ನೇ ನಿನ್ನಿಂದ ಕಿತ್ತುಕೊಂಡಿದ್ದೆ.

ಆಮೇಲೆ ಚೈತ್ರ ಕಾಫಿ ತಂದಿಟ್ಟು ಪಿಸುಗುಟ್ಟಿದಳು: "ಆಂಟಿ, ನೀವಾದ್ರೂ ಹೇಳಿ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾಗೆ ಅರ್ಜಿ ಹಾಕ್ತೀನಿ ಅಂದ್ರೆ ಅಮ್ಮ ಬಿಡ್ತಿಲ್ಲ." ನಿನಗೆ ಕೇಳಿಸಿತು. "ನಮ್ ಕೈ ಅಂಥ ಕೆಲ್ಸಕ್ಕಾಗಲ್ಲ ಮಗ, ರಕ್ತದಲ್ಲೇ ನಡುಕ ಐತೆ. ನನ್ನಂಗೆ ನಾಕ್ ಜನದ್ ಮುಂದೆ ತಲೆ ತಗ್ಗಿಸ್ಬೇಡ" ಅಂದೆ. ನಾನು ಕಾಫಿ ಕುಡಿದೆ. ಚೆನ್ನಾಗಿದೆ ಅಂದೆ. ಆಗಲೂ ಹೇಳಲಿಲ್ಲ.

ಅರ್ಜಿಗೆ ಶನಿವಾರ ಕೊನೆಯ ದಿನ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ — ಅಂಚೆಗೆ ಹಾಕುವುದೂ ಒಂದು ರೀತಿಯ ಅಡಗಿಕೊಳ್ಳುವುದೇ. ನಾಳೆ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ಮಗಳನ್ನೂ ಪಕ್ಕದಲ್ಲಿ ಕೂರಿಸಿಕೋ, ಇಬ್ಬರ ಮುಂದೆ ನಾನೇ ಓದುತ್ತೇನೆ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ಒಳ್ಳೆಯವಳಾದ ನೀನು ಕೊಟ್ಟುಬಿಡುತ್ತೀಯ. ನಿನ್ನ ಕೈ ಯಾವತ್ತೂ ನಡುಗಿರಲಿಲ್ಲ, ಜಯಾ. ಅಷ್ಟು ಹೇಳಿದ ಮೇಲೆ, ನೀನು ಎದ್ದು ಹೋಗು ಅಂದರೆ ಎದ್ದು ಹೋಗುತ್ತೇನೆ.