ಹಾಸು ದಾಟಿದವರು

ನನ್ನ ಹಿರಿ ಮೊಮ್ಮಗಳೇ, ಅವಳ ತಮ್ಮನೇ,

ಹೋದ ದೀಪಾವಳಿ ರಜೆಯಲ್ಲಿ ನೀನು ನನ್ನ ತೊಡೆಯ ಮೇಲೆ ತಲೆಯಿಟ್ಟು ಕೇಳಿದೆ: "ಆಯಿ, ನೀ ಸಣ್ಣಾಕಿದ್ದಾಗ ಸ್ಲಮ್ಮಿನಾಗ ಇದ್ದೆಂತ, ಖರೇ ಏನ?" ನಿನ್ನ ತಮ್ಮ ನಕ್ಕ. ನಿಮ್ಮಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಹಾಲು ಉಕ್ಕುತ್ತದೆ ಎಂದು ಹೇಳಿ ನಾನು ಎದ್ದು ಒಳಗೆ ಹೋದೆ. ಒಲೆಯ ಮೇಲೆ ಹಾಲು ಇರಲಿಲ್ಲ. ನನಗೆ ಜನರ ಎದುರು ಮಾತು ಬರುವುದಿಲ್ಲ, ಮೊಮ್ಮಕ್ಕಳ ಎದುರೂ ಬರಲಿಲ್ಲ. ನಿಮ್ಮಜ್ಜ ಇದ್ದಾಗ ನನ್ನ ಪಾಲಿನ ಮಾತನ್ನೂ ಅವರೇ ಆಡುತ್ತಿದ್ದರು. ಈಗ ಅವರಿಲ್ಲ. ಹಳ್ಳಿ ಸಾಲಿಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಗಜೇಂದ್ರಗಡದ ಗುಡ್ಡದ ಕೆಳಗೆ ನಮ್ಮ ಓಣಿ ಇತ್ತು. ಎಲ್ಲರೂ ಕೈಮಗ್ಗದಲ್ಲಿ ಸೀರೆ ನೇಯುವವರು. ಓಣಿ ಚಂದ ಇತ್ತು ಎಂದು ಸುಳ್ಳು ಹೇಳುವುದಿಲ್ಲ. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ಮಳೆ ಬಂದರೆ ಮೂಲೆ ಮೂಲೆಗೂ ಪಾತ್ರೆ ಇಡಬೇಕು. ಗಟಾರ ಬಾಗಿಲ ಮುಂದೆಯೇ ಹರಿಯುತ್ತಿತ್ತು. ನೂಲಿಗೆ ಹಚ್ಚಿ ಉಳಿದ ಗಂಜಿ ಅದರಲ್ಲಿ ಬಿದ್ದು ಹುಳಿವಾಸನೆ ಹೊಡೆಯುತ್ತಿತ್ತು. ಇಡೀ ಓಣಿಗೆ ಒಂದೇ ನಳ, ಅಲ್ಲಿ ಜಗಳವಿಲ್ಲದ ದಿನವಿಲ್ಲ.

ಆದರೆ ಓಣಿ ಹಗ್ಗ ಹಿಡಿದು ಎಳೆದಂತೆ ನೆಟ್ಟಗಿತ್ತು. ಸೀರೆಯ ಉದ್ದಕ್ಕೆ ಹೋಗುವ ನೂಲನ್ನು ಹಾಸು ಎನ್ನುತ್ತಾರೆ. ಮಗ್ಗಕ್ಕೆ ಏರಿಸುವ ಮೊದಲು ಅದನ್ನು ಬಯಲಲ್ಲಿ ಉದ್ದಕ್ಕೆ ಎಳೆದು, ಸೊಂಟದೆತ್ತರಕ್ಕೆ ಕೋಲು ಕೊಟ್ಟು ನಿಲ್ಲಿಸಿ, ಗಂಜಿ ಹಚ್ಚಿ, ಕುಂಚದಿಂದ ತಿಕ್ಕಿ ಒಣಗಿಸಬೇಕು. ಮನೆಯೊಳಗೆ ಅಷ್ಟು ಉದ್ದದ ಜಾಗ ಯಾರಿಗಿರುತ್ತದೆ? ಹಿರಿಯರು ಓಣಿಯನ್ನೇ ಆ ಅಳತೆಗೆ ಬಿಟ್ಟಿದ್ದರು. ಬಿಸಿಲು ಏರುವ ಮೊದಲು ಒಬ್ಬರ ಹಾಸಿನ ಕೆಲಸಕ್ಕೆ ನಾಲ್ಕು ಮನೆಯವರು ಕೈ ಹಚ್ಚುತ್ತಿದ್ದರು. ಇವತ್ತು ನಮ್ಮದು, ನಾಳೆ ಅವರದು.

ಹಾಸು ಎಳೆದ ಮೇಲೆ ಅದನ್ನು ಯಾರೂ ದಾಟುವಂತಿಲ್ಲ, ತುಳಿಯುವುದಂತೂ ದೂರ. ಎದುರು ಮನೆಗೆ ಹೋಗಬೇಕಾದವರು ಬಗ್ಗಿ ಕೆಳಗೆ ತೂರಬೇಕು. ಒಮ್ಮೆ ಮದುಮಗನೇ ಕುದುರೆ ಏರಿ ಬಂದು ನಿಂತ. ಹೆಣ್ಣಿನ ಮನೆ ಹಾಸಿನ ಆಚೆ ಬದಿಗಿತ್ತು. ಬೀಗರು, "ಹೊತ್ತು ಮೀರತೈತ್ರಿ, ಸ್ವಲ್ಪ ಸರಸ್ರಿ" ಎಂದರು. ನನ್ನ ಅಜ್ಜಿ, ಅಪ್ಪನ ತಾಯಿ, ಕುಂಚ ಕೆಳಗಿಡದೆ ಹೇಳಿದಳು: "ಗಂಜಿ ಒಣಗೂತನಕಾ ನಿಂದರ್ರಿ. ಮದುಮಗಗ ಅವಸರ ಇದ್ರ ಇಳದು ಬಗ್ಗಿ ಬರ್ಲಿ. ನಾಳಿಂದ ಹೆಂಡ್ತಿ ಮುಂದ ಬಗ್ಗೂದೈತಿ, ಇವತ್ತ ರೂಢಿ ಆಗ್ಲಿ." ಮದುಮಗ ಬಾಸಿಂಗ ಹಿಡಿದುಕೊಂಡು ನೂಲಿನ ಕೆಳಗೆ ತೂರಿ ಬಂದ. ಓಣಿಯ ಹೆಂಗಸರು ಬಹಳ ದಿನ ಅದನ್ನೇ ಹೇಳಿ ನಗುತ್ತಿದ್ದರು.

ಆಮೇಲೆ ಸರಕಾರದಿಂದ ಜಾಗ ಅಳೆಯುವವರು ಬಂದರು. ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಟೇಪು ಎಳೆದರು. ನಮ್ಮ ಓಣಿಗೆ ಕೊಳಚೆ ಪ್ರದೇಶ ಎನ್ನುತ್ತಾರೆ ಎಂದು ಅವತ್ತೇ ನಮಗೆ ಗೊತ್ತಾದದ್ದು. ಊರ ಹೊರಗೆ ಸಿಮೆಂಟಿನ ಮನೆ ಕಟ್ಟಿಕೊಡುತ್ತೇವೆ ಎಂದರು. ನನ್ನ ಅವ್ವನಿಗೆ ಖುಷಿಯಾಯಿತು. ಸೋರದ ಮಾಳಿಗೆಯ ಕೆಳಗೆ ಮಲಗುವ ಆಸೆ ಅವಳಿಗೆ ಎಷ್ಟು ವರ್ಷದ್ದೋ. ಅಪ್ಪ ಒಂದೇ ಮಾತು ಕೇಳಿದ: "ಸಾಹೇಬ್ರ, ಅಲ್ಲಿ ಮಗ್ಗ ಹೂಡಾಕ ಬರತೈತೇನ್ರಿ?"

"ಮನಿ ನಿಮ್ದ ಆಗತೈತಿ. ಏನರ ಹೂಡ್ಕೋರಿ."

ಅಪ್ಪ ಹೊಸ ಜಾಗ ನೋಡಲು ಹೋಗಿ ಬಂದ. ಆ ಸಂಜೆ ರೊಟ್ಟಿ ಮುಟ್ಟಲಿಲ್ಲ. ನಮ್ಮದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರ ಅಂಚಿಗೆ ಕುಳಿತು, ಕಾಲು ಒಳಗೆ ಬಿಟ್ಟು ತುಳಿಯುತ್ತ ನೇಯಬೇಕು. ಮಗ್ಗದ ಕಟ್ಟಿಗೆ ಬಿಚ್ಚಿ ಒಯ್ಯಬಹುದು, ಕುಣಿಯನ್ನು ಒಯ್ಯಲಾಗದು.

"ಹ್ಯಾಂಗೈತಿ ಜಾಗ?" ಎಂದಳು ಅವ್ವ.

"ಮ್ಯಾಲೆ ಸಿಮೆಂಟು, ಕೆಳಗ ಬಂಡಿಗಲ್ಲು. ಗುದ್ದಲಿ ಹಾಕಿದ್ರ ಕಿಡಿ ಹಾರತಾವು. ಓಣಿ ಅಂತೂ ನಾಕ್ ಮನಿಗೊಂದು ತಿರುವು. ಎಲ್ಲಿ ಹಾಸ್ತಿ, ಎಲ್ಲಿ ನೇಯ್ತಿ?"

ಅವ್ವ ಮತ್ತೆ ಮಾಳಿಗೆಯ ಮಾತು ಎತ್ತಲಿಲ್ಲ.

ಓಣಿಯ ಗಂಡಸರು ಕಚೇರಿಗೆ ಹೋಗಿ, ಮಣ್ಣಿನ ನೆಲ ಇರುವ ಜಾಗ ಕೊಡಿ, ನಾವೇ ನಡೆದು ಹೋಗುತ್ತೇವೆ ಎಂದು ಕೈ ಮುಗಿದರು. ನೋಡೋಣ ಎಂದು ಹೇಳಿ ಕಳಿಸಿದರು. ನೋಡಿದ್ದು ಏನೆಂದರೆ, ಓಣಿಯಲ್ಲಿ ಡಂಗುರ ಹೊಡೆಸಿದರು: ನಾಳೆ ಖಾಲಿ ಮಾಡಬೇಕು.

ಅಂದು ಸಂಜೆ ಗಂಡಸರೆಲ್ಲ ನಮ್ಮ ಕಟ್ಟೆಗೆ ಬಂದು ಕುಳಿತರು. ಕೊನೆಗೆ ಅಜ್ಜಿ, "ಯಾಕ ಹೆಣ ಮುಂದಿಟಗೊಂಡಂಗ ಕುಂತೀರಿ? ಮುಂಜಾನೆ ಎಲ್ಲಾರೂ ಹಾಸು ಹಾಸ್ರಿ. ಹಾಸಿದ ನೂಲು ಯಾರ್ ದಾಟತಾರ? ಅದು ಒಣಗೂದ್ರಾಗ ದೊಡ್ಡ ಸಾಹೇಬರ್ನ ಕಂಡು ಬರ್ರಿ" ಎಂದಳು. ಒಬ್ಬರೂ ಇದು ಆಗದ ಮಾತು ಎನ್ನಲಿಲ್ಲ. ಎಲ್ಲರೂ ನಂಬಿದರು. ನಾನೂ ನಂಬಿದೆ. ಮದುಮಗ ಇಳಿದು ಬಗ್ಗಿದ್ದನ್ನು ಕಣ್ಣಾರೆ ಕಂಡವರು ನಾವು.

ಮುಂಜಾನೆ ಓಣಿ ತುಂಬ ನೂಲು. ಕೆಂಪು, ಹಸಿರು, ಕುಂಕುಮದ ಬಣ್ಣ. ಒಂದರ ಪಕ್ಕ ಇನ್ನೊಂದು, ಕಾಲಿಡಲು ಜಾಗವಿಲ್ಲದಂತೆ. ಅಷ್ಟು ಹಾಸುಗಳನ್ನು ಒಮ್ಮೆಲೇ ನಾನು ಎಂದೂ ನೋಡಿರಲಿಲ್ಲ. ದೊಡ್ಡ ಸಾಹೇಬರನ್ನು ಕಾಣಲು ಹೋದವರು ಇನ್ನೂ ಬಂದಿರಲಿಲ್ಲ, ಮನೆ ಕೆಡವುವ ಯಂತ್ರ ಬಂದು ಓಣಿಯ ಬಾಯಿಗೆ ನಿಂತಿತು. ಡ್ರೈವರ್ ನೂಲು ನೋಡಿ ಯಂತ್ರ ಬಂದ್ ಮಾಡಿ ಕೆಳಗಿಳಿದ. ನರಗುಂದದ ಕಡೆಯವನಂತೆ. ಅಜ್ಜಿ ಅವನಿಗೆ, "ಕುಂದ್ರಪಾ ತಮ್ಮಾ, ಚಾ ಕುಡಿ. ಇನ್ನೂ ಹಸಿ ಐತಿ" ಎಂದಳು. ಅವನು ನಮ್ಮ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದ. ಗೆದ್ದೆವು ಎಂದುಕೊಂಡೆವು. ಅವ್ವ ನನ್ನ ಕಡೆ ನೋಡಿ ನಕ್ಕಳು.

ಜೀಪಿನಿಂದ ಅಧಿಕಾರಿ ಇಳಿದು, "ಯಾಕ ನಿಂತಿ?" ಎಂದು ಡ್ರೈವರನನ್ನು ಕೇಳಿದ.

"ಮಗ್ಗದ ಹಾಸು ಐತ್ರಿ ಸಾಹೇಬ್ರ. ತುಳಿಬಾರದ್ರಿ."

"ದಾರಕ್ಕ ಹೆದರತೀಯೇನೋ?"

ಅವನು ಸಿಟ್ಟಿನಿಂದಲೂ ಹೇಳಲಿಲ್ಲ. ಬೂಟಿನ ಕಾಲಿನಿಂದ ಮೊದಲ ಕೋಲನ್ನು ಒದ್ದ. ಹಾಸು ನೆಲಕ್ಕೆ ಬಿತ್ತು. ಅದರ ಮೇಲೆ ನಡೆದು ಬಂದ. ಬೂಟಿಗೆ ಹಸಿ ಗಂಜಿ, ನೂಲಿನ ಎಳೆ ಸುತ್ತಿಕೊಂಡವು. ಜೇಡರ ಬಲೆ ಬಿಡಿಸಿಕೊಂಡಂತೆ ಅವನ್ನು ಕಿತ್ತು ಗಟಾರಕ್ಕೆ ಹಾಕಿದ. ನಮ್ಮನ್ನು ಬಡಿದಿದ್ದರೆ ಕೂಗುತ್ತಿದ್ದೆವೇನೋ. ಇದಕ್ಕೆ ಏನೆಂದು ಕೂಗಬೇಕು ಎಂದು ಯಾರಿಗೂ ತಿಳಿಯಲಿಲ್ಲ.

ಯಂತ್ರ ಮತ್ತೆ ಶುರುವಾಯಿತು. ಆಗ ನಡೆದದ್ದನ್ನು ಬರೆಯಲು ಇಷ್ಟು ಹಾಳೆ ತೆಗೆದುಕೊಂಡೆ. ಚಕ್ರ ಹತ್ತಿದರೆ ನೂಲು ಹೋಗುತ್ತದೆ, ನೂಲು ಹೋದರೆ ಉಳಿಯುವುದೇನೂ ಇಲ್ಲ. ಮೊದಲು ಎದುರು ಮನೆಯ ಕಾಕಾ ತನ್ನ ಹಾಸು ಬಿಚ್ಚಿ ಸುತ್ತತೊಡಗಿದ. ಆಮೇಲೆ ಅವನ ಪಕ್ಕದವರು. ಆಮೇಲೆ ಅಪ್ಪ. ಹಸಿ ನೂಲನ್ನು ಹಾಗೆಯೇ ಸುತ್ತಿದರೆ ಎಳೆಗೆ ಎಳೆ ಅಂಟಿ ಕೆಡುತ್ತದೆ ಎಂದು ಗೊತ್ತಿದ್ದೂ ಸುತ್ತಿದರು. ಯಂತ್ರಕ್ಕೆ ದಾರಿ ತೆರೆದವರು ನಾವೇ. ನಮ್ಮ ಕೈಯಿಂದಲೇ ತೆರೆಸಿದರು. ಅಜ್ಜಿ ತನ್ನ ಹಾಸಿನ ತುದಿ ಹಿಡಿದು ನಿಂತೇ ಇದ್ದಳು. ಅಪ್ಪ ಅವಳ ಬೆರಳು ಬಿಡಿಸಬೇಕಾಯಿತು.

ಹೊಸ ಮನೆಯಲ್ಲಿ ಅಪ್ಪ ಹಾರೆ ಹಿಡಿದು ಸಿಮೆಂಟು ಒಡೆದ. ಮೊಣಕಾಲಿನ ಆಳವೂ ಹೋಗಲಿಲ್ಲ, ಬಂಡೆ ಬಂತು. ಹಾರೆಯ ಮೊನೆ ಮಡಚಿತು. ಸರಕಾರಿ ನೆಲ ಹಾಳು ಮಾಡಿದೆ ಎಂದು ಯಾರೋ ಬಂದು ಬೈದೂ ಹೋದರು. ಆ ತಗ್ಗನ್ನು ಅವ್ವ ಮಣ್ಣು ತುಂಬಿ ಸಾರಿಸಿದಳು. ಅಪ್ಪ ಗೋವಾಕ್ಕೆ ಡಾಂಬರು ಹಾಕುವ ಕೆಲಸಕ್ಕೆ ಹೋದ. ಜರಿಯ ಎಳೆ ಹಿಡಿಯುತ್ತಿದ್ದ ಬೆರಳುಗಳು ಒಂದೇ ಬೇಸಿಗೆಯಲ್ಲಿ ಸುಟ್ಟು ಕರಕಲಾದವು. ಮುಂದೆ ಅಂಗಿಯ ಗುಂಡಿ ಹಾಕಲೂ ಅವ್ವನೇ ಬೇಕಾಯಿತು. ಸಾಯುವವರೆಗೂ ಅವನು ಮತ್ತೆ ಮಗ್ಗದ ಮುಂದೆ ಕುಳಿತುಕೊಳ್ಳಲಿಲ್ಲ. ನನ್ನನ್ನು ನರೇಗಲ್ ಕಡೆಯ ಹಳ್ಳಿಗೆ, ಸೋದರಮಾವನ ಮನೆಗೆ ಕಳಿಸಿದರು. ಅಲ್ಲಿ ಸಾಲಿ ಕಲಿತೆ. ಒಳ್ಳೆಯದೇ ಆಯಿತಲ್ಲ ಎನ್ನುವವರಿದ್ದಾರೆ. ಅನ್ನಲಿ.

ನಮ್ಮನ್ನು ಎಬ್ಬಿಸಿದ ಜಾಗದಲ್ಲಿ ಎಷ್ಟೋ ವರ್ಷ ಏನೂ ಕಟ್ಟಲಿಲ್ಲ. ಜಾಲಿ ಬೆಳೆಯಿತು. ಊರಿನ ಜನ ಚೊಂಬು ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ಆಗ ಅದನ್ನು ಯಾರೂ ಕೊಳಚೆ ಎನ್ನಲಿಲ್ಲ. ಈಗ ಅಲ್ಲಿ ಅಂಗಡಿ ಸಾಲು ಇದೆ, ನೀವು ಐಸ್‌ಕ್ರೀಮ್ ತಿನ್ನುವ ಅಂಗಡಿಯೂ ಅಲ್ಲಿಯೇ. ನಾನು ಒಳಗೆ ಬರದೆ ಹೊರಗೆ ನಿಲ್ಲುವುದು, ನಿಮಗೆ ಹೇಳುತ್ತಿದ್ದಂತೆ, ಹಲ್ಲು ನೋವಿಗೆ ಅಲ್ಲ.

ನಿಮ್ಮಪ್ಪನಿಗೆ ಇದೆಲ್ಲ ಗೊತ್ತು. ಅವನ ಲಗ್ನದ ಮಾತುಕತೆಯಲ್ಲಿ ಬೀಗರು ನನ್ನ ತವರು ಯಾವುದೆಂದು ಕೇಳಿದಾಗ ಅವನೇ ಮುಂದಾಗಿ, "ನರೇಗಲ್ ಕಡೆಯವ್ರು" ಎಂದುಬಿಟ್ಟ. ಈ ಹಾಳೆಗಳನ್ನು ಅವನ ಕಣ್ಣಿಗೆ ಬೀಳುವಲ್ಲಿ ಇಡಬೇಡ. ಹಬ್ಬ ಬಂತೆಂದರೆ ಮನೆ ಹಸನು ಮಾಡುತ್ತಾರೆ, ಬೇಡವೆನಿಸಿದ್ದೆಲ್ಲ ರದ್ದಿಗೆ ಹೋಗುತ್ತದೆ. ಹಸನು ಮಾಡುವವರನ್ನು ನಾನು ನಂಬುವುದಿಲ್ಲ. ನಿನ್ನ ಟ್ರಂಕಿನ ತಳದಲ್ಲಿ, ಬಟ್ಟೆಯ ಕೆಳಗೆ ಇಟ್ಟುಕೋ. ತಮ್ಮ ಕೇಳಿದರೆ ಓದಲು ಕೊಡು, ಓದಿದ ಮೇಲೆ ಇಸಿದುಕೊಂಡು ಮತ್ತೆ ಅಲ್ಲಿಯೇ ಇಡು.