ಚಹಾದ ಜೊತೆ ನುಂಗಿದ ಗುಳಿಗೆ

ವಾಡಿ ಸ್ಟೇಷನ್ನಿನ ಹೊರಗೆ ಅನಸುಬಾಯಿಯ ಚಹಾದಂಗಡಿ ಇದೆ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸಿಕೊಂಡು ಬಂದಿದ್ದಾಳೆ. ಚಹಾ ಕುದಿಸಿದಾಗಲೆಲ್ಲ ಮೊದಲು ತಾನೇ ಅರ್ಧ ಕಪ್ಪು ಕುಡಿದು ನೋಡುವುದು ಅವಳ ರೂಢಿ. ರೊಟ್ಟಿ ತಿಂದ ಬೆನ್ನಿಗೂ ಚಹಾ ಬೇಕೇ ಬೇಕು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೆ ನೀರಿನ ಕೊಡ ಎತ್ತುವುದೂ ಭಾರವಾಯಿತು. ನಾಲ್ಕು ಹೆಜ್ಜೆ ನಡೆದರೆ ಎದೆ ಹೊಡೆದುಕೊಳ್ಳುತ್ತಿತ್ತು. ದವಾಖಾನೆಯಲ್ಲಿ ರಕ್ತ ಕಡಿಮೆಯಾಗಿದೆ ಎಂದು ಕಬ್ಬಿಣದ ಗುಳಿಗೆ ಕೊಟ್ಟರು, ಮೂಳೆಗೆಂದು ಕ್ಯಾಲ್ಸಿಯಂ ಕೊಟ್ಟರು. ಅನಸುಬಾಯಿ ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು ಬಿಸಿ ಚಹಾದ ಜೊತೆ ನುಂಗಿದಳು. ಒಂದು ದಿನವೂ ತಪ್ಪಿಸಲಿಲ್ಲ. ದೀಪಾವಳಿ ಕಳೆದು ಮತ್ತೆ ಪರೀಕ್ಷೆ ಮಾಡಿದರೆ ರಕ್ತ ಇದ್ದಲ್ಲೇ ಇತ್ತು.

"ಗುಳಿಗಿ ಹ್ಯಾಂಗ ತಗೋತೀರಿ?" ನರ್ಸ್ ಲುಂಬಿನಿ ಕೇಳಿದಳು.

"ಚಹಾದ ಜೋಡಿ. ಎರಡೂ ಕೂಡೇ."

"ಅದಕ್ಕ ಹಿಂಗಾಗ್ಯದ. ಚಹಾದಾಗಿನ ಒಗರು ಕಬ್ಬಿಣ ಹಿಡಕೊಂಡು ಕುಂದರ್ತದ, ಕರುಳಿಗಿ ಹೀರ್ಕೊಳ್ಳಾಕ ಬಿಡಂಗಿಲ್ಲ. ಕ್ಯಾಲ್ಸಿಯಮ್ಮೂ ಅಡ್ಡ ಬರ್ತದ. ಕಬ್ಬಿಣದ್ದು ಮುಂಜಾನಿ ಖಾಲಿ ಹೊಟ್ಟ್ಯಾಗ ನಿಂಬಿ ನೀರಿನಾಗ ತಗೋರಿ, ಇನ್ನೊಂದು ರಾತ್ರಿ ಉಂಡ ಮ್ಯಾಲ. ಕಬ್ಬಿಣದ ಗುಳಿಗಿ ತಗೊಂಡ ಮ್ಯಾಲ, ರೊಟ್ಟಿ ತಿಂದ ಮ್ಯಾಲ ಒಂದೆರಡು ತಾಸು ಚಹಾ ಕುಡಿಬ್ಯಾಡ್ರಿ."

"ಪಲ್ಯಾ ಭಾಳ ತಿಂತೀನಲ್ಲ?"

"ಸೊಪ್ಪು, ಕಾಳಿನ ಕಬ್ಬಿಣ ಮೈಗಿ ಹತ್ತೂದು ಕಡಿಮಿ. ಹುಳಿ ಕೂಡಿದ್ರ ಜರಾ ಹೆಚ್ಚು ಹತ್ತತದ. ಮಟನ್‌ದಾಗಿಂದು ಸಲೀಸಾಗಿ ಹತ್ತತದ."

ಆಹಾರ ಬದಲಿಸುವುದು ಕಷ್ಟವಾಗಲಿಲ್ಲ. ಪುಂಡಿಪಲ್ಯ ಹೇಗೂ ಹುಳಿ. ತೊಂದರೆಯಾದದ್ದು ರುಚಿ ನೋಡುವುದರಲ್ಲಿ. ಆ ಕೆಲಸವನ್ನು ಅಂಗಡಿಯ ಮುಂದೆ ಆಟೋ ನಿಲ್ಲಿಸುವ ಮಜೀದಸಾಬನಿಗೆ ಒಪ್ಪಿಸಿದಳು. ಅವನು ದಿನಾ "ಮಸ್ತ್ ಅದ" ಎನ್ನುತ್ತಿದ್ದ. ಒಂದು ಮುಂಜಾನೆ ಸಕ್ಕರೆಯ ಬದಲು ಉಪ್ಪು ಬಿದ್ದಿತ್ತು. ಅಂದೂ ಅವನು ಕಪ್ಪು ಖಾಲಿ ಮಾಡಿ ಮಸ್ತ್ ಅಂದ. ಸೊಲ್ಲಾಪುರದ ಗಾಡಿಯಿಂದ ಇಳಿದವರು ಒಂದು ಗುಟುಕಿಗೇ ಉಗುಳಿದರು.

"ಯಾಕ ಹೇಳಲಿಲ್ಲ?"

"ಮೊದಲೇ ಮೈಯಾಗ ಆರಾಮಿಲ್ಲ ನಿಮಗ. ಮನಸ್ಸಿಗಿ ಹಚ್ಕೋತೀರಂತ."

ಅನಸುಬಾಯಿಗೆ ಸಿಟ್ಟು ಬರಲಿಲ್ಲ. ಚಹಾ ಚೆಲ್ಲಿ ಹೊಸದಾಗಿ ಇಟ್ಟಳು. ತನ್ನ ಮನಸ್ಸಿನ ಬಗ್ಗೆ ಯಾರಾದರೂ ಯೋಚಿಸಿ ಬಹಳ ವರ್ಷವಾಗಿತ್ತು ಎನ್ನುವುದು ಹಾಲು ಉಕ್ಕುವವರೆಗೂ ಅವಳ ತಲೆಯಲ್ಲಿತ್ತು.

ಆಮೇಲೆ ತಾನೇ ಒಂದು ಚಮಚ ಬಾಯಿಗೆ ಹಾಕಿಕೊಂಡು ಉಗುಳುವುದನ್ನು ಕಲಿತಳು. ಉಗಾದಿಗೆ ಮುಂಚೆ ನೋಡಿದಾಗ ರಕ್ತ ಚೆನ್ನಾಗಿ ಏರಿತ್ತು. ಶರೀರದಲ್ಲಿ ಕಬ್ಬಿಣದ ಸಂಗ್ರಹ ತುಂಬುವವರೆಗೆ ಇನ್ನೂ ಕೆಲವು ತಿಂಗಳು ಗುಳಿಗೆ ಬಿಡಬಾರದೆಂದು ಲುಂಬಿನಿ ಹೇಳಿದಳು. ಬರುವ ದಾರಿಯಲ್ಲಿ ಅನಸುಬಾಯಿ ನಿಂಬೆಹಣ್ಣು ಕೊಂಡಳು.